ಮನೆಯಲ್ಲೇ ಚಿಕನ್ ಶವರ್ಮಾ: ಬೆಂಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಶವರ್ಮಾ ಸಿಗದ ಏರಿಯಾ ಹುಡುಕುವುದೇ ಕಷ್ಟ. ಫ್ರೇಜರ್ ಟೌನಿನ ಮಾಸ್ಕ್ ರಸ್ತೆ ಇರಲಿ, ಕಮ್ಮನಹಳ್ಳಿ, ಕೋರಮಂಗಲ, ಎಸ್.ಜಿ. ಪಾಳ್ಯ ಇರಲಿ, ಸಂಜೆಯಾದರೆ ಕಂಬಿ ತಿರುಗುತ್ತಿರುತ್ತದೆ. ಆದರೂ ಮನೆಯಲ್ಲಿ ಮಾಡುವುದು ಹೇಗೆ ಅಂತ ಕೇಳುವವರು ಬಹಳ. ಕೆಲವರಿಗೆ ಹೊರಗಿನ ಮೇಯನೇಸ್ ಅಂದರೆ ಭಯ. ಕೆಲವರ ಮನೆಯಲ್ಲಿ ಮಕ್ಕಳ ಹಟ. ಅವರೆಲ್ಲ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಕೋಳಿಗೂ ಬೆಳ್ಳುಳ್ಳಿ ಸಾಸಿಗೂ ಜಾಸ್ತಿ ಜಾಗ ಕೊಟ್ಟಿದ್ದೇನೆ, ರೊಟ್ಟಿಗೆ ಕಡಿಮೆ. ಅದು ಬೇಕಂತಲೇ.

ತಿರುಗುವ ಕಂಬಿ ಇಲ್ಲದೆ ಶವರ್ಮಾ ಆಗುತ್ತದಾ?

ಆಗುತ್ತದೆ. ಕಂಬಿ ಏನು ಕೆಲಸ ಮಾಡುತ್ತದೆ ಅಂತ ಗೊತ್ತಾದರೆ ಸಾಕು. ಮಸಾಲೆಯಲ್ಲಿ ನೆನೆದ ತೆಳು ಮಾಂಸವನ್ನು ಒಂದರ ಮೇಲೊಂದು ಒತ್ತಿ ಚುಚ್ಚಿರುತ್ತಾರೆ. ಬೆಂಕಿ ಪಕ್ಕದಿಂದ ಬರುತ್ತದೆ. ಹೊರಗಿನ ಪದರ ಕೆಂಪಾಗಿ ಗರಿಗರಿಯಾಗುತ್ತದೆ, ಅದನ್ನು ಕೆರೆದು ತೆಗೆದರೆ ಮುಂದಿನ ಪದರ ಬೆಂಕಿಗೆ ಬರುತ್ತದೆ. ಮೇಲಿನ ಕೊಬ್ಬು ಕರಗಿ ಕೆಳಗಿನ ಮಾಂಸದ ಮೇಲೆ ಇಳಿಯುತ್ತಿರುತ್ತದೆ. ಹಾಗಾಗಿ ಒಂದೊಂದು ಚೂರಿನಲ್ಲೂ ಒಂದು ಅಂಚು ಗರಿ, ಒಳಗೆ ಮೆತ್ತಗೆ. ನಮಗೆ ಬೇಕಿರುವುದು ಆ ಅಂಚು. ಯಂತ್ರವಲ್ಲ.

ಮನೆಯಲ್ಲಿ ಅದನ್ನು ಎರಡು ಹಂತದಲ್ಲಿ ಪಡೆಯಬಹುದು. ಮೊದಲು ದೊಡ್ಡ ತುಂಡುಗಳನ್ನು ಹಾಗೇ ಬೇಯಿಸುವುದು. ಆಮೇಲೆ ತೆಳ್ಳಗೆ ಸೀಳಿ, ಕಾದ ತವಾಕ್ಕೆ ಮತ್ತೆ ಹಾಕಿ ಅಂಚು ಕೆಂಪಗೆ ಮಾಡುವುದು. ಇಡೀ ಗುಟ್ಟು ಇಷ್ಟೇ. ಹಸಿ ಮಾಂಸವನ್ನೇ ಸಣ್ಣಗೆ ಹೆಚ್ಚಿ ಬಾಣಲೆಯಲ್ಲಿ ಹುರಿದರೆ ರುಚಿಯಾದ ಚಿಕನ್ ಪಲ್ಯ ಸಿಗುತ್ತದೆ, ಶವರ್ಮಾ ಅಲ್ಲ. ಆನ್‌ಲೈನಿನಲ್ಲಿ ಸಿಗುವ ಮನೆ ಬಳಕೆಯ ಪುಟ್ಟ ಶವರ್ಮಾ ಯಂತ್ರವನ್ನು ಕೊಳ್ಳಬೇಡಿ ಅನ್ನುವುದು ನನ್ನ ಸಲಹೆ. ವರ್ಷಕ್ಕೆ ಎರಡು ಸಲ ಬಳಸುವುದಕ್ಕೆ ಅಟ್ಟದ ಜಾಗ ಯಾಕೆ ಹಾಳು ಮಾಡುವುದು?

ಇದು ಅರಬ್ಬರ ತಿಂಡಿಯಾ, ಟರ್ಕಿಯದಾ?

ಮಾಂಸವನ್ನು ನೆಟ್ಟಗೆ ನಿಲ್ಲಿಸಿ ತಿರುಗಿಸುವ ಪದ್ಧತಿ 19ನೇ ಶತಮಾನದ ಒಟ್ಟೋಮನ್ ನಾಡಿನದು. ಟರ್ಕಿಯಲ್ಲಿ ಅದು ಡೋನರ್ ಕೆಬಾಬ್. ಲೆಬನಾನ್, ಸಿರಿಯಾ ಕಡೆಯವರ ಕೈಯಲ್ಲಿ ಮಸಾಲೆ ಬದಲಾಗಿ ಶವರ್ಮಾ ಆಯಿತು. ಲೆಬನಾನಿನಿಂದ ಮೆಕ್ಸಿಕೋಗೆ ಹೋಗಿ ನೆಲೆಸಿದವರು ಅದೇ ಕಂಬಿಯನ್ನು ಒಯ್ದರು, ಅಲ್ಲಿ ಹಂದಿ ಮಾಂಸದ ಅಲ್ ಪಾಸ್ತೋರ್ ಟಾಕೋ ಹುಟ್ಟಿತು. ನಮ್ಮ ಕಡೆಯ ಶವರ್ಮಾದಲ್ಲಿ ಗಲ್ಫ್ ಮತ್ತು ಕೇರಳದ ಗುರುತು ಎದ್ದು ಕಾಣುತ್ತದೆ. ಮೇಯನೇಸ್ ಸುರಿಯುವುದು, ಎಲೆಕೋಸು ತುಂಬುವುದು, ರುಮಾಲಿ ರೊಟ್ಟಿಯಲ್ಲಿ ಸುತ್ತುವುದು ಮೂಲದ್ದಲ್ಲ. ಆದರೆ ತಪ್ಪೂ ಅಲ್ಲ. ಬೈರೂತಿನ ರುಚಿ ಬೇಕಾ, ಬಿಟಿಎಂ ಲೇಔಟಿನ ರುಚಿ ಬೇಕಾ ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಎರಡಕ್ಕೂ ಕೋಳಿ ಒಂದೇ, ಸಾಸು ಬೇರೆ.

ಕೋಳಿಯ ಯಾವ ಭಾಗ ತರಬೇಕು? ಅಂಗಡಿಯಲ್ಲಿ ಹೇಗೆ ಕೇಳಬೇಕು?

ತೊಡೆ. ಎದೆ ಭಾಗದಲ್ಲಿ ಕೊಬ್ಬು ಕಡಿಮೆ, ಎರಡು ಸಲ ಬೆಂಕಿಗೆ ಹೋದರೆ ನಾರುನಾರಾಗುತ್ತದೆ. ತೊಡೆ ಸ್ವಲ್ಪ ಜಾಸ್ತಿ ಬೆಂದರೂ ರಸ ಬಿಟ್ಟುಕೊಡುವುದಿಲ್ಲ.

ಆದರೆ ಅಂಗಡಿಯಲ್ಲಿ ಸುಮ್ನೆ "ಬೋನ್‌ಲೆಸ್ ಅರ್ಧ ಕೆಜಿ" ಅಂದರೆ ಎದೆಯನ್ನೇ ಕೊಡುತ್ತಾರೆ. "ಲೆಗ್ ಬೋನ್‌ಲೆಸ್, ತೊಡೆ ಮಾತ್ರ" ಅಂತ ಬಿಡಿಸಿ ಹೇಳಿ. ರಸೆಲ್ ಮಾರ್ಕೆಟ್, ಜಾನ್ಸನ್ ಮಾರ್ಕೆಟ್ ಕಡೆ ಹೋಗುವವರಾದರೆ ಬೆಳಗ್ಗೆಯೇ ಹೋಗಿ. ಬೀದಿ ಕೊನೆಯ ಸಣ್ಣ ಅಂಗಡಿಯಲ್ಲಿ, ಅದೂ ಭಾನುವಾರದ ರಶ್ಶಿನಲ್ಲಿ, ತೊಡೆಯ ಮೂಳೆ ಬಿಡಿಸಿಕೊಡಲು ಅವರಿಗೆ ಪುರುಸೊತ್ತು ಇರುವುದಿಲ್ಲ. ಆಗ ಇಡೀ ಲೆಗ್ ಪೀಸ್ ತಂದು ನೀವೇ ಬಿಡಿಸಿ. ಮೂಳೆಯ ಉದ್ದಕ್ಕೂ ಒಂದು ಗೀರು ಎಳೆದು, ಚಾಕುವಿನ ತುದಿಯಿಂದ ಕೆರೆಯುತ್ತಾ ಹೋದರೆ ಮಾಂಸ ಬಿಟ್ಟುಕೊಳ್ಳುತ್ತದೆ. ಮೂಳೆಗಳನ್ನು ಎಸೆಯಬೇಡಿ, ಮೆಣಸು ಹಾಕಿ ಸೂಪ್ ಮಾಡಿ. ನಮ್ಮಲ್ಲಿ ಬಹಳ ಜನ ಸ್ಕಿನ್‌ಲೆಸ್ ತರುತ್ತಾರೆ. ಚರ್ಮ ಇದ್ದರೆ ರುಚಿ ಜಾಸ್ತಿ, ಇಲ್ಲದಿದ್ದರೆ ಒಂದು ಚಮಚ ಎಣ್ಣೆ ಜಾಸ್ತಿ.

ನಾಟಿ ಕೋಳಿ ಹಾಕಬಹುದಾ?

ಬೇಡ. ನಾಟಿ ಕೋಳಿಗೆ ಸಾರೇ ಸರಿ, ಜೊತೆಗೆ ಮುದ್ದೆ. ಓಡಾಡಿ ಬೆಳೆದ ಮಾಂಸ ಗಟ್ಟಿ. ನಿಧಾನವಾಗಿ, ನೀರಿನಲ್ಲಿ ಬೆಂದರೆ ಮಾತ್ರ ಮೆತ್ತಗಾಗುತ್ತದೆ. ತವಾದ ಮೇಲೆ ಅಗಿಯುವುದಕ್ಕೇ ಆಗುವುದಿಲ್ಲ.

ಹಸಿ ಕೋಳಿಯನ್ನು ನಲ್ಲಿ ಕೆಳಗೆ ತೊಳೆಯಬೇಕಲ್ವಾ?

ಈ ಮಾತಿಗೆ ನಮ್ಮ ಮನೆಗಳಲ್ಲಿ ಜಗಳವೇ ಆಗುತ್ತದೆ. ಅರಿಸಿನ ಹಾಕಿ ಮೂರು ನೀರು ತೊಳೆಯದೆ ಒಲೆ ಮೇಲಿಡದ ಅಜ್ಜಿಯಂದಿರು ಬೇಕಾದಷ್ಟಿದ್ದಾರೆ. ಆದರೆ ತೊಳೆದರೆ ರೋಗಾಣು ಹೋಗುವುದಿಲ್ಲ. ಚಿಮ್ಮುವ ನೀರಿನ ಜೊತೆ ಅದು ಸಿಂಕಿಗೆ, ಪಕ್ಕದ ತಟ್ಟೆಗೆ, ಹೆಚ್ಚಿಟ್ಟ ಸೌತೆಕಾಯಿಗೆ ಹೋಗಿ ಕೂರುತ್ತದೆ. ರೋಗಾಣು ಸಾಯುವುದು ಬೆಂಕಿಯಲ್ಲೇ. ತೊಳೆಯದೆ ಮನಸ್ಸು ಒಪ್ಪದಿದ್ದರೆ ನಲ್ಲಿ ಬಿಡಬೇಡಿ. ಪಾತ್ರೆಯಲ್ಲಿ ನೀರು ತುಂಬಿ ಅದರೊಳಗೆ ಮೆಲ್ಲಗೆ ಅದ್ದಿ ತೆಗೆಯಿರಿ, ಆಮೇಲೆ ಸಿಂಕನ್ನು ಸೋಪು ಹಾಕಿ ಉಜ್ಜಿ. ಹೇಗಾದರೂ ಸರಿ, ಮಸಾಲೆ ಹಚ್ಚುವ ಮೊದಲು ಮಾಂಸ ಒಣಗಿರಬೇಕು. ಟಿಶ್ಯೂ ಅಥವಾ ಬಟ್ಟೆಯಿಂದ ಒತ್ತಿ ತೇವ ತೆಗೆಯಿರಿ. ರುಚಿಗೂ ಇದು ಮುಖ್ಯ.

ಮಸಾಲೆಗೆ ಏನೇನು, ಎಷ್ಟೆಷ್ಟು?

ಅರ್ಧ ಕೆಜಿ ಬೋನ್‌ಲೆಸ್ ತೊಡೆಗೆ ಈ ಅಳತೆ. ಐದಾರು ರ‍್ಯಾಪ್‌ಗೆ ಸಾಕಾಗುತ್ತದೆ.

ಗಟ್ಟಿ ಮೊಸರು 3 ದೊಡ್ಡ ಚಮಚ, ನಿಂಬೆರಸ 2 ದೊಡ್ಡ ಚಮಚ, ಎಣ್ಣೆ 2 ದೊಡ್ಡ ಚಮಚ, ಜಜ್ಜಿದ ಬೆಳ್ಳುಳ್ಳಿ 6 ಎಸಳು, ಉಪ್ಪು 1 ಸಣ್ಣ ಚಮಚ. ಪುಡಿಗಳಲ್ಲಿ ಜೀರಿಗೆ 1 ಸಣ್ಣ ಚಮಚ, ಧನಿಯಾ 1, ಅಚ್ಚಖಾರದ ಪುಡಿ ಒಂದೂವರೆ, ಕಾಳುಮೆಣಸು ಅರ್ಧ, ಅರಿಸಿನ ಅರ್ಧ, ಚಕ್ಕೆ ಕಾಲು ಚಮಚ. ಎರಡು ಏಲಕ್ಕಿ, ಎರಡು ಲವಂಗ ಕುಟ್ಟಿ ಹಾಕಿ. ಜಾಯಿಕಾಯಿ ಒಂದು ಚಿಟಿಕೆ ತುರಿದರೆ ಸಾಕು.

ಅರಬ್ ಅಡುಗೆಯಲ್ಲಿ ಆಲ್‌ಸ್ಪೈಸ್ ಅನ್ನುವ ಮಸಾಲೆ ಕಾಳು ಬಳಸುತ್ತಾರೆ. ಅದು ಸಿಗದಿದ್ದರೆ ಚಿಂತೆಯಿಲ್ಲ. ಲವಂಗ, ಚಕ್ಕೆ, ಜಾಯಿಕಾಯಿ ಮೂರೂ ಸೇರಿದರೆ ಆ ವಾಸನೆಯ ಹತ್ತಿರಕ್ಕೆ ಬರುತ್ತದೆ. ಹುಳಿಯ ಸುಮಾಕ್ ಪುಡಿ ಸಿಗದಿದ್ದರೆ ಆಮ್ಚೂರ್ ಒಂದು ಚಿಟಿಕೆ.

ಖಾರದ ಪುಡಿ ಬ್ಯಾಡಗಿಯದ್ದೇ ಇರಲಿ. ಹಾವೇರಿ ಜಿಲ್ಲೆಯ ಈ ಮೆಣಸಿನಕಾಯಿಗೆ ಜಿಐ ಟ್ಯಾಗ್ ಕೂಡ ಇದೆ. ಬಣ್ಣ ಗಾಢ, ಖಾರ ಕಡಿಮೆ. ಪಾಪ್ರಿಕಾ ಹುಡುಕಿಕೊಂಡು ಸೂಪರ್ ಮಾರ್ಕೆಟಿಗೆ ಹೋಗುವ ಅಗತ್ಯವೇ ಇಲ್ಲ. ಗುಂಟೂರು ಹಾಕಿದರೆ ಖಾರ ಮುಂದೆ ಬಂದು ಚಕ್ಕೆ, ಏಲಕ್ಕಿ ಎಲ್ಲ ಹಿಂದೆ ಸರಿಯುತ್ತವೆ.

ಗರಂ ಮಸಾಲೆ ಹಾಕಲಾ ಅಂತ ಕೇಳುವವರಿಗೂ ಇಲ್ಲೇ ಹೇಳುತ್ತೇನೆ. ಹಾಕಿದರೆ ಚಿಕನ್ ಟಿಕ್ಕಾದ ದಾರಿ ಹಿಡಿಯುತ್ತದೆ. ಶುಂಠಿ, ಕಸೂರಿ ಮೇಥಿ ಕೂಡ ಹಾಗೇ. ಶವರ್ಮಾದಲ್ಲಿ ಮೊದಲು ಮೂಗಿಗೆ ಬರಬೇಕಾದದ್ದು ಬೆಳ್ಳುಳ್ಳಿ, ಜೀರಿಗೆ ಮತ್ತು ಚಕ್ಕೆ.

ಎಷ್ಟು ಹೊತ್ತು ನೆನೆಸಬೇಕು?

ಕನಿಷ್ಠ ಎರಡು ಗಂಟೆ. ರಾತ್ರಿ ಹಚ್ಚಿ ಫ್ರಿಜ್ಜಿನಲ್ಲಿಟ್ಟು ಮರುದಿನ ಮಾಡಿದರೆ ಇನ್ನೂ ಚೆನ್ನ. 24 ಗಂಟೆ ದಾಟಿಸಬೇಡಿ. ನಿಂಬೆಯ ಹುಳಿ ಮಾಂಸದ ಮೇಲ್ಪದರವನ್ನು ಹಿಟ್ಟಿನಂತೆ ಮಾಡಿಬಿಡುತ್ತದೆ. ಬೆಂಗಳೂರು ತಂಪು ಅಂತ ಹೊರಗೆ ಇಡುವ ಅಭ್ಯಾಸ ಕೆಲವರಿಗಿದೆ. ಡಿಸೆಂಬರಿನ ಚಳಿಯೂ ಹಸಿ ಕೋಳಿಗೆ ಸಾಲದು. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ರೋಗಾಣು ಬೆಳೆಯುತ್ತಲೇ ಇರುತ್ತದೆ, ನಮ್ಮ ಅಡುಗೆಮನೆ ವರ್ಷವಿಡೀ ಆ ನಡುವಿನಲ್ಲೇ ಇರುತ್ತದೆ.

ತವಾಕ್ಕೆ ಹಾಕಿದ ತಕ್ಷಣ ನೀರು ಬಿಟ್ಟುಕೊಂಡು ಬೇಯುತ್ತದೆ, ಕೆಂಪಾಗುವುದೇ ಇಲ್ಲ. ಏನು ಮಾಡಲಿ?

ಇದೇ ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ. ಕಾರಣ ಸರಳ. ಮಾಂಸ ಕೆಂಪಾಗಲು ಅದರ ಮೇಲ್ಮೈ ಸುಮಾರು 140 ಡಿಗ್ರಿ ದಾಟಬೇಕು. ತವಾದಲ್ಲಿ ನೀರು ಇರುವ ತನಕ ಶಾಖ ನೀರಿನ ಕುದಿಯುವ ಬಿಂದುವಿನಲ್ಲೇ ನಿಂತುಬಿಡುತ್ತದೆ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಮೇಲಿದೆ, ಇಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಅಂದರೆ ನೀರು ಹೋಗುವವರೆಗೂ ನಿಮ್ಮ ಕೋಳಿ ಬೇಯುತ್ತದೆ, ಬಣ್ಣ ತಿರುಗುವುದಿಲ್ಲ.

ಮೊದಲನೆಯದು, ಮೊಸರು ಗಟ್ಟಿಯಾಗಿರಲಿ. ಪ್ಯಾಕೆಟ್ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಅರ್ಧ ಗಂಟೆ ತೂಗುಹಾಕಿ. ತವಾಕ್ಕೆ ಹಾಕುವ ಮುಂಚೆ ತುಂಡಿಗೆ ಅಂಟಿದ ಮಸಾಲೆಯನ್ನು ಬೆರಳಿನಿಂದ ಸ್ವಲ್ಪ ಜಾರಿಸಿಬಿಡಿ.

ಎರಡನೆಯದು ತವಾ. ದೋಸೆಯ ಕಬ್ಬಿಣದ ಹಂಚು ಇದ್ದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ದಪ್ಪ ಕಬ್ಬಿಣ ಶಾಖ ಹಿಡಿದಿಟ್ಟುಕೊಳ್ಳುತ್ತದೆ. ತೆಳು ನಾನ್‌ಸ್ಟಿಕ್‌ಗೆ ತಣ್ಣನೆಯ ಮಾಂಸ ಬಿದ್ದರೆ ಕಾವು ಪಟ್ಟನೆ ಇಳಿಯುತ್ತದೆ. (ದೋಸೆ ಹಂಚಿಗೆ ಕೋಳಿ ಸೋಕಿಸಲು ಬಿಡದ ಮನೆಗಳೂ ಇವೆ. ಹಾಗಿದ್ದರೆ ಇನ್ನೊಂದು ಹಂಚು ತನ್ನಿ, ಅಮ್ಮನ ಜೊತೆ ವಾದ ಬೇಡ.)

ಮೂರನೆಯದು, ಒಟ್ಟಿಗೆ ತುಂಬಬೇಡಿ. ಒಂದು ಸಲಕ್ಕೆ ಮೂರು ತುಂಡು, ನಡುವೆ ಜಾಗ ಬಿಟ್ಟು. ದೊಡ್ಡ ಉರಿಯಲ್ಲಿ ಒಂದು ಬದಿ 4ರಿಂದ 5 ನಿಮಿಷ ಮುಟ್ಟದೆ ಬಿಡಿ. ತಿರುಗಿಸಿ, ಉರಿ ಮಧ್ಯಮಕ್ಕೆ ಇಳಿಸಿ ಇನ್ನೊಂದು ಐದಾರು ನಿಮಿಷ. ತೆಗೆದು ತಟ್ಟೆಯಲ್ಲಿ ಐದು ನಿಮಿಷ ಸುಮ್ಮನೆ ಇಡಿ. ಆಮೇಲೆ ನಾರಿಗೆ ಅಡ್ಡವಾಗಿ, ಸಾಧ್ಯವಾದಷ್ಟು ತೆಳ್ಳಗೆ ಸೀಳಿ. ಹಂಚಿಗೆ ಒಂದು ಚಮಚ ಎಣ್ಣೆ ಬಿಟ್ಟು, ಹೊಗೆಯಾಡಲು ಶುರುವಾದಾಗ ಆ ಚೂರುಗಳನ್ನು ಹರಡಿ. ತಟ್ಟೆಯಲ್ಲಿ ಇಳಿದ ರಸವನ್ನು ಕೊನೆಗೆ ಸುರಿದರೆ ಚುರ್ ಅಂತ ಆರಿ ಮಾಂಸಕ್ಕೇ ಅಂಟುತ್ತದೆ. ಒಂದೂವರೆ ನಿಮಿಷ ಸಾಕು. ಎರಡು ಬದಿಯೂ ಕೆಂಪಾಗಬೇಕು ಅಂತ ಕಾಯಬೇಡಿ, ಒಣಗಿಹೋಗುತ್ತದೆ.

ಒಳಗೆ ಬೆಂದಿದೆ ಅಂತ ಗೊತ್ತಾಗುವುದು ಹೇಗೆ?

ಅಡುಗೆ ಥರ್ಮಾಮೀಟರ್ ಇದ್ದರೆ ದಪ್ಪ ಜಾಗದಲ್ಲಿ ಚುಚ್ಚಿ ನೋಡಿ. 74 ಡಿಗ್ರಿ ಸೆಲ್ಸಿಯಸ್ ಬಂದರೆ ಸುರಕ್ಷಿತ. ಇಲ್ಲದಿದ್ದರೆ ದಪ್ಪ ತುಂಡನ್ನು ಸೀಳಿ ನೋಡಿ. ಬರುವ ರಸ ತಿಳಿಯಾಗಿರಬೇಕು, ಮಾಂಸ ಗುಲಾಬಿ ಬಣ್ಣದಲ್ಲಿ ಗಾಜಿನಂತೆ ಹೊಳೆಯಬಾರದು. ಮಸಾಲೆಯ ಕೆಂಪಿನಿಂದ ಮೋಸ ಹೋಗುವ ಸಾಧ್ಯತೆ ಇದೆ, ಆದ್ದರಿಂದ ಹೊರಗಿನ ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಎರಡು ಹಂತದ ವಿಧಾನದಲ್ಲಿ ಸೀಳಿದ ಮೇಲೂ ಒಮ್ಮೆ ಕಾವಿಗೆ ಹೋಗುವುದರಿಂದ ಹಸಿ ಉಳಿಯುವ ಸಂಭವ ಕಡಿಮೆ. ತಿರುಗುವ ಕಂಬಿಯ ತೊಂದರೆ ಇರುವುದು ಇಲ್ಲೇ. ಗಿರಾಕಿ ಸಾಲು ಹೆಚ್ಚಾದಾಗ ಇನ್ನೂ ಬೇಯದ ಪದರವನ್ನೂ ಕೆರೆದುಬಿಡಬಹುದು. ಗಿರಾಕಿ ಇಲ್ಲದಾಗ ಉರಿ ಇಳಿಸಿ ಬಿಟ್ಟರೆ ಮಾಂಸ ಗಂಟೆಗಟ್ಟಲೆ ಬೆಚ್ಚಗೆ ಕೂತಿರುತ್ತದೆ.

ಓಟಿಜಿ ಅಥವಾ ಏರ್ ಫ್ರೈಯರ್ ಇದ್ದರೆ?

ಓಟಿಜಿಯಲ್ಲಿ ಕಂಬಿಯ ಹತ್ತಿರ ಹೋಗಬಹುದು. ದೊಡ್ಡ ಈರುಳ್ಳಿಯನ್ನು ಅರ್ಧ ಮಾಡಿ ಟ್ರೇನಲ್ಲಿ ಬೋರಲು ಹಾಕಿ, ಎರಡು ಕಡ್ಡಿ ನೆಟ್ಟಗೆ ಚುಚ್ಚಿ, ತುಂಡುಗಳನ್ನು ಒಂದರ ಮೇಲೊಂದು ಒತ್ತಿ ಪೋಣಿಸಿ. ಓವನ್ ಎತ್ತರ ಸಾಲದಿದ್ದರೆ ಬ್ರೆಡ್ ಟಿನ್ನಿನಲ್ಲಿ ಒತ್ತಿ ತುಂಬಿ. 200 ಡಿಗ್ರಿಯಲ್ಲಿ, ಒಂದು ಕೆಜಿಗೆ 50ರಿಂದ 60 ನಿಮಿಷ. ನಡುಭಾಗ ಬೆಂದಿದೆಯಾ ಅಂತ ಇಲ್ಲಿ ಥರ್ಮಾಮೀಟರಿನಲ್ಲೇ ನೋಡಬೇಕು, ಅಂದಾಜು ಬೇಡ. ಮೇಲಿನಿಂದ ಕೆಳಕ್ಕೆ ಸೀಳಿ, ಹಂಚಿನ ಮೇಲೆ ಒಮ್ಮೆ ಆಡಿಸಿ. ಕಡ್ಡಿ ಮರದ್ದಾದರೆ ಮೊದಲು ನೀರಿನಲ್ಲಿ ನೆನೆಸಿಡಿ.

ಏರ್ ಫ್ರೈಯರಿನಲ್ಲಿ 200 ಡಿಗ್ರಿ, 14ರಿಂದ 16 ನಿಮಿಷ, ನಡುವೆ ಒಮ್ಮೆ ತಿರುಗಿಸಿ. ಕುಕ್ಕರ್ ಬೇಡವೇ ಬೇಡ.

ಇದ್ದಿಲಿನ ಹೊಗೆ ಕೊಡಬೇಕಾ?

ಅಗತ್ಯವಿಲ್ಲ. ಬಹಳಷ್ಟು ಶವರ್ಮಾ ಕಂಬಿ ಗ್ಯಾಸಿನಲ್ಲೇ ಉರಿಯುವುದು. ಇಷ್ಟವಿದ್ದರೆ ಕೆಂಡಕ್ಕೆ ಎರಡು ಹನಿ ತುಪ್ಪ ಬಿಟ್ಟು ಎರಡು ನಿಮಿಷ ಮುಚ್ಚಿಡಿ. ಕಿಟಕಿ ತೆರೆದಿರಲಿ. ಅಪಾರ್ಟ್‌ಮೆಂಟಿನಲ್ಲಿ ಸ್ಮೋಕ್ ಅಲಾರಂ ಇದ್ದರೆ ಆ ಆಸೆ ಬಿಟ್ಟುಬಿಡಿ.

ಬಿಳಿ ಬೆಳ್ಳುಳ್ಳಿ ಸಾಸ್, ಅದೇ ತೂಮ್, ಹೇಗೆ ಮಾಡುವುದು?

ಅರ್ಧ ಶವರ್ಮಾ ಇದರಲ್ಲೇ ಇದೆ. ತೂಮ್ ಲೆಬನಾನಿನದು. ಮೊಟ್ಟೆ ಇಲ್ಲ, ಹಾಲಿಲ್ಲ, ಮೊಸರೂ ಇಲ್ಲ. ಬೆಳ್ಳುಳ್ಳಿ, ಎಣ್ಣೆ, ನಿಂಬೆ, ಉಪ್ಪು, ಅಷ್ಟೇ. ಅಷ್ಟರಲ್ಲೇ ಬೆಣ್ಣೆಯ ಹಾಗೆ ಬೆಳ್ಳಗೆ ಉಬ್ಬುತ್ತದೆ.

ಸುಲಿದ ಬೆಳ್ಳುಳ್ಳಿ 100 ಗ್ರಾಂ, ಸೂರ್ಯಕಾಂತಿ ಎಣ್ಣೆ 300 ಮಿಲಿ, ನಿಂಬೆರಸ 50 ಮಿಲಿ, ಉಪ್ಪು ಒಂದು ಸಣ್ಣ ಚಮಚ. ಬೆಳ್ಳುಳ್ಳಿ ಹೊಸದಾಗಿ, ಗಟ್ಟಿಯಾಗಿರಲಿ. ಎಸಳನ್ನು ಉದ್ದಕ್ಕೆ ಸೀಳಿ ನಡುವಿನ ಹಸಿರು ಮೊಳಕೆ ತೆಗೆಯಿರಿ, ಅದರಿಂದಲೇ ಕಹಿ. ಬೇಸರದ ಕೆಲಸ, ಆದರೆ ಬಿಡುವ ಹಾಗಿಲ್ಲ. ಕಡಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆ ಬೇಡ, ಅವುಗಳ ವಾಸನೆ ಮುಂದೆ ಬರುತ್ತದೆ. ಆಲಿವ್ ಎಣ್ಣೆ ಮಿಕ್ಸಿಯಲ್ಲಿ ಜೋರಾಗಿ ತಿರುಗಿದರೆ ಕಹಿಯಾಗುತ್ತದೆ.

ಮಿಕ್ಸಿಯ ಚಟ್ನಿ ಜಾರ್ ತೆಗೆದುಕೊಳ್ಳಿ. ಬೆಳ್ಳುಳ್ಳಿ, ಉಪ್ಪು ಹಾಕಿ ನುಣ್ಣಗೆ ರುಬ್ಬಿ, ಗೋಡೆಗೆ ಅಂಟಿದ್ದನ್ನು ಕೆರೆದು ಮತ್ತೆ ರುಬ್ಬಿ. ಒಂದು ಚಮಚ ನಿಂಬೆರಸ ಸೇರಿಸಿ. ಈಗ ಫ್ರಿಜ್ಜಿನಲ್ಲಿ ತಣ್ಣಗಾದ ಎಣ್ಣೆಯನ್ನು ಒಂದು ಚಮಚ ಹಾಕಿ ತಿರುಗಿಸಿ, ಮತ್ತೊಂದು ಚಮಚ, ಮತ್ತೆ ತಿರುಗಿಸಿ. ಮೊದಲ ಕಾಲು ಭಾಗ ಎಣ್ಣೆಗೆ ತಾಳ್ಮೆ ಬೇಕು. ಬಿಳಿ ಪೇಸ್ಟ್ ಕಟ್ಟಿಕೊಂಡ ಮೇಲೆ ಸಣ್ಣ ಧಾರೆಯಾಗಿ ಬಿಡಬಹುದು. ನಡುನಡುವೆ ನಿಂಬೆರಸ. ಒಟ್ಟು ಎಂಟು ಹತ್ತು ನಿಮಿಷ.

ನಮ್ಮ ಮಿಕ್ಸಿಗಳು ಇಡ್ಲಿ ಹಿಟ್ಟಿಗೆ, ಕಾಯಿ ಚಟ್ನಿಗೆ ಮಾಡಿದವು. ಜೋರು ಜಾಸ್ತಿ, ಜಾರ್ ಬೇಗ ಬಿಸಿಯಾಗುತ್ತದೆ. ಬಿಸಿಯಾದರೆ ಎಣ್ಣೆ ಬೇರೆ, ಬೆಳ್ಳುಳ್ಳಿ ಬೇರೆ ಆಗಿಬಿಡುತ್ತದೆ. ಆದ್ದರಿಂದ ಒಂದೇ ಸಮನೆ ತಿರುಗಿಸಬೇಡಿ. ಹತ್ತು ಸೆಕೆಂಡು ತಿರುಗಿಸಿ ನಿಲ್ಲಿಸಿ. ಜಾರನ್ನು ಮುಟ್ಟಿ ನೋಡಿ, ಬೆಚ್ಚಗಿದ್ದರೆ ಐದು ನಿಮಿಷ ಫ್ರಿಜ್ಜಿಗೆ ಇಡಿ.

ತೂಮ್ ಒಡೆದು ನೀರಾಯಿತು. ಸರಿ ಮಾಡಬಹುದಾ?

ಮಾಡಬಹುದು. ಒಡೆದದ್ದನ್ನು ಲೋಟಕ್ಕೆ ಸುರಿದು ಜಾರ್ ತೊಳೆದು ಒರೆಸಿ. ಒಂದು ಸಣ್ಣ ಬೇಯಿಸಿದ ಆಲೂಗಡ್ಡೆ ತುಂಡು ಪೂರ್ತಿ ತಣ್ಣಗಾದ ಮೇಲೆ ಜಾರಿಗೆ ಹಾಕಿ, ಎರಡು ಚಮಚ ಐಸ್ ನೀರು ಬಿಟ್ಟು ರುಬ್ಬಿ. ಅದಕ್ಕೆ ಒಡೆದ ಮಿಶ್ರಣವನ್ನು ಮೊದಲಿನ ಹಾಗೆಯೇ ಚಮಚ ಚಮಚವಾಗಿ ಸೇರಿಸಿ. ಮತ್ತೆ ಕೂಡಿಕೊಳ್ಳುತ್ತದೆ. ರುಚಿ ಸ್ವಲ್ಪ ಮೆತ್ತಗಾಗುತ್ತದೆ, ಮಕ್ಕಳಿಗೆ ಅದೇ ಇಷ್ಟವಾಗಲೂಬಹುದು. ಮೊಟ್ಟೆಯ ಬಿಳಿ ಹಾಕಿ ಸರಿ ಮಾಡುವವರಿದ್ದಾರೆ, ಹಸಿ ಮೊಟ್ಟೆ ಆದ್ದರಿಂದ ನಾನು ಹೇಳುವುದಿಲ್ಲ.

ತೂಮನ್ನು ಫ್ರಿಜ್ಜಿನಲ್ಲೇ ಇಡಿ, ಒಂದು ವಾರದೊಳಗೆ ಮುಗಿಸಿ. ಎಣ್ಣೆಯೊಳಗಿನ ಹಸಿ ಬೆಳ್ಳುಳ್ಳಿಯನ್ನು ಹೊರಗೆ ದಿನಗಟ್ಟಲೆ ಬಿಟ್ಟರೆ ಗಾಳಿ ಬೇಡದ ಅಪಾಯಕಾರಿ ಬ್ಯಾಕ್ಟೀರಿಯಾ ಬೆಳೆಯಬಹುದು. ಉಪ್ಪಿನಕಾಯಿ ಥರ ಕಪಾಟಿನಲ್ಲಿ ಇಡುವ ವಸ್ತು ಅಲ್ಲ ಇದು.

ನನಗೆ ಅಂಗಡಿಯ ಮೇಯನೇಸ್ ರುಚಿಯೇ ಬೇಕು. ಹಸಿ ಮೊಟ್ಟೆ ಹಾಕದೆ ಆಗುತ್ತದಾ?

ಆಗುತ್ತದೆ, ಹಾಲಿನಿಂದ. ತಣ್ಣನೆಯ ಗಟ್ಟಿ ಹಾಲು 60 ಮಿಲಿ, ಎಣ್ಣೆ 120ರಿಂದ 150 ಮಿಲಿ, ಬೆಳ್ಳುಳ್ಳಿ ಎರಡು ಎಸಳು, ಉಪ್ಪು, ಚಿಟಿಕೆ ಸಕ್ಕರೆ. ಹಾಲಿನ ಜೊತೆ ಬೆಳ್ಳುಳ್ಳಿ ರುಬ್ಬಿ, ಎಣ್ಣೆಯನ್ನು ಸಣ್ಣ ಧಾರೆಯಾಗಿ ಬಿಡುತ್ತಾ ತಿರುಗಿಸಿ. ಗಟ್ಟಿಯಾದ ಮೇಲೆ ಕೊನೆಗೆ ಎರಡು ಸಣ್ಣ ಚಮಚ ವಿನೆಗರ್. ಹುಳಿ ಮೊದಲೇ ಹಾಕಿದರೆ ಹಾಲು ಒಡೆಯುತ್ತದೆ.

ಹಸಿ ಮೊಟ್ಟೆ ಯಾಕೆ ಬೇಡ ಅನ್ನುವುದಕ್ಕೆ ನೆರೆ ರಾಜ್ಯಗಳನ್ನು ನೋಡಿ. ಹಸಿ ಮೊಟ್ಟೆಯ ಮೇಯನೇಸನ್ನು ಕೇರಳ 2023ರ ಜನವರಿಯಲ್ಲಿ ನಿಷೇಧಿಸಿತು. ತೆಲಂಗಾಣ 2024ರ ಅಕ್ಟೋಬರಿನಲ್ಲಿ, ತಮಿಳುನಾಡು 2025ರ ಏಪ್ರಿಲಿನಲ್ಲಿ ಒಂದೊಂದು ವರ್ಷಕ್ಕೆ ನಿಷೇಧ ಹೇರಿದವು. ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಅನ್ನುವ ರೋಗಾಣು ಇರಬಹುದು, ಬೇಯಿಸದ ಸಾಸಿನಲ್ಲಿ ಅದು ಸಾಯುವುದಿಲ್ಲ. ಹಾಗಂತ ಎಲ್ಲ ದೋಷವನ್ನೂ ಮೇಯನೇಸಿನ ತಲೆಗೆ ಕಟ್ಟುವುದೂ ಸರಿಯಲ್ಲ. ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ 2022ರ ಮೇ ಮೊದಲಲ್ಲಿ ಶವರ್ಮಾ ತಿಂದು ಒಬ್ಬ ವಿದ್ಯಾರ್ಥಿನಿ ತೀರಿಕೊಂಡಾಗ, ಅಲ್ಲಿನ ಶವರ್ಮಾ ಮಾದರಿಯಲ್ಲಿ ಸಾಲ್ಮೊನೆಲ್ಲಾ ಜೊತೆ ಶಿಗೆಲ್ಲಾ ಕೂಡ ಸಿಕ್ಕಿತ್ತು. ಶಿಗೆಲ್ಲಾ ಹರಡುವುದು ಮುಖ್ಯವಾಗಿ ತೊಳೆಯದ ಕೈ ಮತ್ತು ಕೊಳಕು ನೀರಿನಿಂದ. ಕೈ, ಚಾಕು, ಹಲಗೆ ಕೂಡ ಅಷ್ಟೇ ಮುಖ್ಯ. ಹಸಿ ಕೋಳಿ ಹೆಚ್ಚಿದ ಹಲಗೆಯ ಮೇಲೆ ಸೌತೆಕಾಯಿ ಹೆಚ್ಚಬೇಡಿ.

ತಾಹಿನಿ ಹಾಕಬೇಕಲ್ವಾ?

ಅದು ಹೆಚ್ಚಾಗಿ ಕುರಿ, ದನದ ಮಾಂಸದ ಶವರ್ಮಾಕ್ಕೆ. ಕೋಳಿಗೆ ತೂಮ್. ತಾಹಿನಿ ಇಷ್ಟವಿದ್ದರೆ ಬಿಳಿ ಎಳ್ಳು ಸಣ್ಣಗೆ ಹುರಿದು ಎಣ್ಣೆ ಹಾಕಿ ರುಬ್ಬಿಕೊಳ್ಳಿ.

ರೊಟ್ಟಿ ಯಾವುದು?

ಕೊಂಡುಕೊಳ್ಳಿ ಅನ್ನುತ್ತೇನೆ. ಮಲಯಾಳಿಗಳು ಜಾಸ್ತಿ ಇರುವ ಮಡಿವಾಳ, ಎಸ್.ಜಿ. ಪಾಳ್ಯ, ಕಮ್ಮನಹಳ್ಳಿ ಕಡೆಯ ಅಂಗಡಿಗಳಲ್ಲಿ ಕುಬ್ಬೂಸ್ (ಅರಬ್ಬರ ಮೆತ್ತನೆಯ ರೊಟ್ಟಿ) ಪ್ಯಾಕೆಟ್ ಕೇಳಿ ನೋಡಿ. ಹತ್ತಿರದ ಹೋಟೆಲಿನಲ್ಲಿ ಬರೀ ರುಮಾಲಿ ರೊಟ್ಟಿ ಕಟ್ಟಿಸಿಕೊಂಡು ಬಂದರೂ ನಡೆಯುತ್ತದೆ.

ಮಾಡಲೇಬೇಕು ಅಂದರೆ ಮೈದಾ 300 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 1 ಸಣ್ಣ ಚಮಚ, ಸಕ್ಕರೆ 1, ಉಪ್ಪು 1, ಎಣ್ಣೆ 1 ದೊಡ್ಡ ಚಮಚ, ಬೆಚ್ಚನೆಯ ನೀರು 180 ಮಿಲಿ. ಹತ್ತು ನಿಮಿಷ ನಾದಿ, ಎರಡರಷ್ಟು ಉಬ್ಬುವ ತನಕ ಮುಚ್ಚಿಡಿ. ಬೇಸಿಗೆಯಲ್ಲಿ ಒಂದು ಗಂಟೆ ಸಾಕು, ಡಿಸೆಂಬರ್ ಜನವರಿಯಲ್ಲಿ ಎರಡು ಗಂಟೆಯೂ ಆಗಬಹುದು. ಆರು ಉಂಡೆ ಮಾಡಿ ತೆಳ್ಳಗೆ ಲಟ್ಟಿಸಿ, ಚೆನ್ನಾಗಿ ಕಾದ ಹಂಚಿನ ಮೇಲೆ ಒಂದೊಂದು ಬದಿ ಒಂದು ನಿಮಿಷ. ತೆಗೆದ ಕೂಡಲೇ ಬಟ್ಟೆಯಲ್ಲಿ ಸುತ್ತಿಡಿ, ಇಲ್ಲದಿದ್ದರೆ ಮಡಿಸುವಾಗ ಸೀಳುತ್ತದೆ.

ಚಪಾತಿ ಆಗುತ್ತದೆ, ಹಾಲು ಹಾಕಿ ಮೆತ್ತಗೆ ಕಲಸಿದರೆ. ಮಲಬಾರ್ ಪರೋಟಾ ರುಚಿ, ಆದರೆ ಪದರ ಬಿಚ್ಚಿಕೊಂಡು ಸಾಸು ಮೊಣಕೈ ತನಕ ಇಳಿಯುತ್ತದೆ. ಜೋಳದ ರೊಟ್ಟಿ, ಅಕ್ಕಿ ರೊಟ್ಟಿಯಲ್ಲಿ ಸುತ್ತಲು ಹೋಗಬೇಡಿ. ಪಕ್ಕಕ್ಕಿಟ್ಟು ಮುರಿದು ತಿನ್ನಿ.

ಒಳಗಿನ ಗುಲಾಬಿ ಉಪ್ಪಿನಕಾಯಿ ಯಾವ ತರಕಾರಿ?

ಮೂಲದಲ್ಲಿ ಟರ್ನಿಪ್, ಬಣ್ಣಕ್ಕೆ ಬೀಟ್‌ರೂಟ್. ನಮ್ಮಲ್ಲಿ ಅದಕ್ಕಿಂತ ಸುಲಭವಾಗಿ ಸಿಗುವುದು ನವಿಲುಕೋಸು. ಹುಳಿಗೆ ಹಾಕುವ ಅದೇ ನವಿಲುಕೋಸು ಇದಕ್ಕೂ ಸೊಗಸಾಗಿ ಹೊಂದುತ್ತದೆ. ಎಳೆಯದಾಗಿರಬೇಕು, ನಾರು ಇರಬಾರದು. 300 ಗ್ರಾಂ ನವಿಲುಕೋಸನ್ನು ಬೆರಳುದ್ದ ಹೆಚ್ಚಿ, ಎರಡು ಚೂರು ಬೀಟ್‌ರೂಟ್, ಒಂದು ಎಸಳು ಬೆಳ್ಳುಳ್ಳಿ ಜೊತೆ ಗಾಜಿನ ಬಾಟಲಿಗೆ ತುಂಬಿ. 250 ಮಿಲಿ ನೀರಿಗೆ ಒಂದು ದೊಡ್ಡ ಚಮಚ ಉಪ್ಪು ಹಾಕಿ ಕುದಿಸಿ ಆರಿಸಿ, 100 ಮಿಲಿ ವಿನೆಗರ್ ಬೆರೆಸಿ ಸುರಿಯಿರಿ. ಫ್ರಿಜ್ಜಿನಲ್ಲಿಡಿ. ಮೂರನೇ ದಿನಕ್ಕೆ ಒಳಗಿನ ತನಕ ಗುಲಾಬಿಯಾಗುತ್ತದೆ. ಅಷ್ಟು ಕಾಯಲು ಆಗದವರು ಸೌತೆಕಾಯಿಯನ್ನು ಅದೇ ನೀರಿನಲ್ಲಿ ಒಂದು ಗಂಟೆ ನೆನೆಸಿ.

ಈ ಹುಳಿ ಇಲ್ಲದ ಶವರ್ಮಾ ನಾಲ್ಕು ತುತ್ತಿಗೆ ಜಿಡ್ಡು ಹಿಡಿಯುತ್ತದೆ. ಎಲೆಕೋಸು, ಟೊಮೆಟೊ, ಫ್ರೆಂಚ್ ಫ್ರೈಸ್ ಬಿಟ್ಟರೂ ನಡೆಯುತ್ತದೆ, ಇದನ್ನು ಬಿಡಬೇಡಿ.

ಎಲೆಕೋಸು ಹಾಕುವವರು ಏನು ನೋಡಿಕೊಳ್ಳಬೇಕು?

ಚೆನ್ನಾಗಿ ತೊಳೆಯಿರಿ, ನೀರು ಪೂರ್ತಿ ಬಸಿಯಿರಿ. ಮೇಯನೇಸಿನಲ್ಲಿ ಮೊದಲೇ ಕಲಸಿಟ್ಟರೆ ನೀರು ಬಿಡುತ್ತದೆ. ಸುತ್ತುವಾಗ ಮಾತ್ರ ಕಲಸಿ.

ಬಣ್ಣ ಅಂಗಡಿಯಷ್ಟು ಕೆಂಪು ಬರುವುದಿಲ್ಲ. ಫುಡ್ ಕಲರ್ ಹಾಕಲಾ?

ಬೇಡ. ಕರ್ನಾಟಕ ಸರ್ಕಾರ 2024ರ ಜೂನ್‌ನಲ್ಲಿ ಕೆಬಾಬ್‌ಗಳಿಗೆ ಕೃತಕ ಬಣ್ಣ ಹಾಕುವುದನ್ನೇ ನಿಷೇಧಿಸಿದೆ. ಮನೆಯಲ್ಲಿ ನಾವೇ ಯಾಕೆ ಹಾಕಿಕೊಳ್ಳುವುದು? ಬ್ಯಾಡಗಿ ಮತ್ತು ಅರಿಸಿನ ಸೇರಿದರೆ ಬರುವ ಕಂದುಕೆಂಪೇ ಶವರ್ಮಾದ ಸರಿಯಾದ ಬಣ್ಣ.

ಸುತ್ತಿದ್ದು ಬಿಚ್ಚಿಕೊಳ್ಳುತ್ತದೆ, ಕೆಳಗಿನಿಂದ ಸೋರುತ್ತದೆ.

ತುಂಬಿದ್ದು ಜಾಸ್ತಿಯಾಗಿದೆ. ಒಂದು ರೊಟ್ಟಿಗೆ ಬೆಂದ ಕೋಳಿ 70 ಗ್ರಾಂ ಸಾಕು. ತೂಮನ್ನು ರೊಟ್ಟಿಯ ಮಧ್ಯಕ್ಕೆ ಮಾತ್ರ ಸವರಿ, ಮೇಲೆ ಕೋಳಿ, ಅದರ ಮೇಲೆ ಉಪ್ಪಿನಕಾಯಿ. ಕೆಳಗಿನ ಅಂಚನ್ನು ಮೊದಲು ಮಡಿಸಿ, ಆಮೇಲೆ ಪಕ್ಕದಿಂದ ಬಿಗಿಯಾಗಿ ಸುರುಳಿ ಸುತ್ತಿ. ಜೋಡಣೆ ಕೆಳಗೆ ಬರುವಂತೆ ಕಾದ ಹಂಚಿನ ಮೇಲಿಟ್ಟು, ಚಿಕ್ಕ ಪಾತ್ರೆಯಿಂದ ಒತ್ತಿ ಒಂದು ನಿಮಿಷ ಬಿಡಿ. ಅಂಟಿಕೊಳ್ಳುತ್ತದೆ, ರೊಟ್ಟಿಯೂ ಗರಿಯಾಗುತ್ತದೆ. ಬಟರ್ ಪೇಪರಿನಲ್ಲಿ ಸುತ್ತಿ ಕೊಡಿ. ನ್ಯೂಸ್ ಪೇಪರ್ ಬೇಡ, ಎಣ್ಣೆ ತಾಗಿದರೆ ಇಂಕು ಊಟಕ್ಕೆ ಬರುತ್ತದೆ.

ಮಕ್ಕಳ ಟಿಫಿನ್ ಬಾಕ್ಸಿಗೆ, ಆಫೀಸಿಗೆ ಕಳಿಸಬಹುದಾ?

ಸುತ್ತಿ ಕಳಿಸಬೇಡಿ. ಬೆಳಗ್ಗೆ ಏಳಕ್ಕೆ ಕಟ್ಟಿದ್ದು ಮಧ್ಯಾಹ್ನ ಒಂದಕ್ಕೆ ತೆರೆಯುವಷ್ಟರಲ್ಲಿ ಆರು ಗಂಟೆ ಆಗಿರುತ್ತದೆ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಅದು ಬಿಸಿಯಲ್ಲೂ ಇಲ್ಲ, ತಂಪಲ್ಲೂ ಇಲ್ಲ. ಬೆಂದ ಕೋಳಿ ಹೊರಗೆ ಎರಡು ಗಂಟೆ ದಾಟಬಾರದು. ಆಫೀಸಿನಲ್ಲಿ ಫ್ರಿಜ್ಜು, ಮೈಕ್ರೋವೇವ್ ಎರಡೂ ಇದ್ದರೆ ಫ್ರಿಜ್ಜಿನಿಂದ ತೆಗೆದ ಕೋಳಿ, ರೊಟ್ಟಿ, ಸಾಸ್ ಬೇರೆ ಬೇರೆ ಡಬ್ಬಿಯಲ್ಲಿ, ಐಸ್ ಪ್ಯಾಕ್ ಜೊತೆ ಒಯ್ಯಿರಿ. ಅಲ್ಲಿ ಹೋದ ಕೂಡಲೇ ಫ್ರಿಜ್ಜಿಗೆ ಹಾಕಿ. ಊಟಕ್ಕೆ ಕೋಳಿಯನ್ನು ಹಬೆಯಾಡುವಷ್ಟು ಬಿಸಿ ಮಾಡಿ ಸುತ್ತಿಕೊಳ್ಳಿ.

ಶ್ರಾವಣದಲ್ಲಿ, ಸೋಮವಾರ ಶನಿವಾರಗಳಲ್ಲಿ ಏನು ಮಾಡುವುದು?

ಇದೇ ಮಸಾಲೆಗೆ ಅಣಬೆ ಚೆನ್ನಾಗಿ ಹೊಂದುತ್ತದೆ. ಸಿಂಪಿ ಅಣಬೆಯನ್ನು ಕೈಯಲ್ಲಿ ಸೀಳಿ, ಮೊಸರು ಬಿಟ್ಟು ಉಳಿದ ಮಸಾಲೆ ಹಚ್ಚಿ, ದೊಡ್ಡ ಉರಿಯಲ್ಲಿ ಹುರಿಯಿರಿ. ಎಳೆ ಹಲಸಿನಕಾಯಿ ಬೇಯಿಸಿ ಬಿಡಿಸಿ ಹಾಕಿದರೂ ಸರಿ, ನಾರು ನಾರಾಗಿ ಮಾಂಸದ ಥರವೇ ಇರುತ್ತದೆ. ಪನೀರ್ ಹಾಕಿದರೆ ಅದು ಪನೀರ್ ರೋಲ್, ಬೇರೆ ಏನೂ ಅಲ್ಲ. ತೂಮಿನಲ್ಲಿ ಹಾಲು, ಮೊಟ್ಟೆ ಇಲ್ಲದ್ದರಿಂದ ಎಲ್ಲರಿಗೂ ನಡೆಯುತ್ತದೆ, ಬೆಳ್ಳುಳ್ಳಿ ತಿನ್ನದವರನ್ನು ಬಿಟ್ಟು.

ಇಪ್ಪತ್ತು ಜನ ಬರುತ್ತಾರೆ. ಎಷ್ಟು ತರಲಿ, ಏನನ್ನು ಮೊದಲೇ ಮಾಡಿಡಲಿ?

ತಲೆಗೆ ಎರಡರಂತೆ 40 ರ‍್ಯಾಪ್. ಬೆಂದಾಗ ಕೋಳಿಯ ತೂಕ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿಯೇ ಇಳಿಯುತ್ತದೆ, ಹಾಗಾಗಿ ನಾಲ್ಕು ಕೆಜಿ ಬೋನ್‌ಲೆಸ್ ಬೇಕು. ಯುಗಾದಿ ಮರುದಿನದ ಹೊಸತೊಡಕಿಗೆ ಮಾಡುವ ಯೋಚನೆ ಇದ್ದರೆ ಕೋಳಿಗೆ ಎರಡು ದಿನ ಮುಂಚೆಯೇ ಹೇಳಿಡಿ, ಅವತ್ತಿನ ಕ್ಯೂ ನಿಮಗೇ ಗೊತ್ತಲ್ವಾ.

ನವಿಲುಕೋಸು ನಾಲ್ಕು ದಿನ ಮುಂಚೆ, ತೂಮ್ ಎರಡು ದಿನ ಮುಂಚೆ, ಮಸಾಲೆ ಹಚ್ಚುವುದು ಹಿಂದಿನ ರಾತ್ರಿ. ದೊಡ್ಡ ತುಂಡುಗಳನ್ನು ಓವನ್ನಿನಲ್ಲಿ ಬೇಯಿಸಿ, ಜನ ಬಂದ ಮೇಲೆ ಸೀಳಿ ಹಂಚಿನ ಮೇಲೆ ಹಾಕಿ. ಸುತ್ತುವ ಕೆಲಸ ನೀವು ಮಾಡಬೇಡಿ. ಎಲ್ಲವನ್ನೂ ಮೇಜಿನ ಮೇಲಿಟ್ಟುಬಿಡಿ, ಅವರವರೇ ಸುತ್ತಿಕೊಳ್ಳಲಿ.

ಉಳಿದ ಕೋಳಿ?

ಎರಡು ಗಂಟೆಯೊಳಗೆ ಮುಚ್ಚಿ ಫ್ರಿಜ್ಜಿಗೆ. ಮೂರು ದಿನದೊಳಗೆ ಮುಗಿಸಿ, ಒಂದೇ ಸಲ ಬಿಸಿ ಮಾಡಿ. ಮರುದಿನ ಬೆಳಗ್ಗೆ ದೋಸೆಯ ಮೇಲೆ ತೂಮ್ ಸವರಿ, ಬಿಸಿ ಮಾಡಿದ ಈ ಕೋಳಿಯನ್ನು ಆಲೂಗಡ್ಡೆ ಪಲ್ಯದ ಜಾಗದಲ್ಲಿ ಇಟ್ಟು ಮಡಿಸಿ. ಆ ಬೆಳ್ಳುಳ್ಳಿ ವಾಸನೆಯಲ್ಲಿ ಮೀಟಿಂಗಿಗೆ ಹೋಗುವುದಾದರೆ ಆನ್‌ಲೈನ್ ಮೀಟಿಂಗೇ ಇರಲಿ.